ಪಾರಿವಾಳದ ಶೆಟ್ಟರು ಮತ್ತು ಐದನೇ ಮಹಡಿಯ ಗಿಡುಗ

ಅವರ ಶಿವಗಣಾರಾಧನೆಗೆ ನಾನು ಹೋದಾಗ ಪಡಸಾಲೆಯಲ್ಲಿ ಫೋಟೋ ಇರಬೇಕಾದ ಜಾಗದಲ್ಲಿ ಬರೀ ಕುರ್ಚಿಯಿತ್ತು. ಆ ಕುರ್ಚಿಗೇ ಹಾರ ಹಾಕಿದ್ದರು. ಏನೋ ಎಡವಟ್ಟಾಗಿದೆ ಅಂದುಕೊಂಡು ಒಳಗೆ ಹೋಗಿ ಅವರ ಹೆಂಡತಿಯನ್ನು ಮಾತಾಡಿಸಿದೆ.

"ಸ್ಟುಡಿಯೋದವನಿಗೆ ಫೋಟೋ ದೊಡ್ಡದು ಮಾಡ್ಕೊಡಪ್ಪ ಅಂದಿದ್ದೆ ಕಣಮ್ಮ. ಚೆನ್ನಾಗಿ ಕಾಣ್ಲಿ ಅಂತ ಹಣೆ ಮೇಲಿನ ಗಾಯದ ಗುರುತು ಅಳಿಸ್ಕೊಂಡು ತಂದಿದ್ದಾನೆ. ಇವ್ರು ಯಾರೋ ನಂಗೆ ಗೊತ್ತಿಲ್ಲ, ತಗೊಂಡೋಗಿ ಗಾಯ ಹಾಕ್ಕೊಂಡು ಬಾ ಅಂತ ವಾಪಸ್ ಕಳ್ಸಿದೆ."

ಊಟದ ಹೊತ್ತಿಗೆ ಗಾಯದ ಸಮೇತ ಫೋಟೋ ಬಂತು. ಎಡಹುಬ್ಬಿನಿಂದ ಹೊರಟು ಕೂದಲೊಳಗೆ ನುಗ್ಗುವ ಸೊಟ್ಟ ಗೆರೆ. ಹಣೆಯ ವಿಭೂತಿಯ ಮೂರು ಪಟ್ಟೆಗಳನ್ನೂ ಅದು ಅಡ್ಡ ಕತ್ತರಿಸಿತ್ತು. ನೋಡಿದವರಲ್ಲಿ ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಮುಖ ತಿರುಗಿಸಿದರು. ಆ ಗಾಯವಾದಾಗ ನಾನು ಅವರಿಂದ ಎರಡಾಳು ದೂರದಲ್ಲಿದ್ದೆ.

ನಮ್ಮೂರಿನಲ್ಲಿ ಅವರನ್ನು ಎಲ್ಲರೂ ಪಾರಿವಾಳದ ಶೆಟ್ರು ಎಂದೇ ಕರೆಯುತ್ತಿದ್ದರು. ನನಗೂ ಅಷ್ಟೇ ಸಾಕು. ಸಂತೆಬೀದಿಯ ತಿರುವಿನಲ್ಲಿ ಅವರ ಅಂಗಡಿ. ಗೊಬ್ಬರ, ಸ್ಪ್ರೇಯರ್, ಕಾಫಿ ಒಣಗಿಸುವ ಟಾರ್ಪಾಲು, ಮೆಣಸಿನ ಬಳ್ಳಿ ಕಟ್ಟುವ ಹಗ್ಗ, ಜೊತೆಗೆ ತೋಟಕ್ಕೆ ಹೊಡೆಯುವ ಔಷಧಿ. ಈ ಕೊನೆಯ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ನಾನು ಈ ಊರಿನ ಕಾಲೇಜಿಗೆ ಪ್ರಾಣಿಶಾಸ್ತ್ರದ ಉಪನ್ಯಾಸಕಿಯಾಗಿ ಬಂದ ಹೊಸತರಲ್ಲಿ, ಕುಶಾಲನಗರದ ಬಳಿ ಶುಂಠಿ ಹಾಕಿದ್ದ ಅಪ್ಪ ಹೇಳಿದರೆಂದು ಹೋಗಿ, "ಶುಂಠಿಗೆ ಔಷಧಿ ಕೊಡಿ" ಎಂದು ಕೇಳಿದ್ದೆ.

"ಔಷಧಿ ಬೇಕಾದ್ರೆ ಎದುರುಗಡೆ ಮೆಡಿಕಲ್ ಐತೆ. ನಾನು ಮಾರೋದು ವಿಷ. ವಿಷ ಅಂತ ಕೇಳಿ, ಕೊಡ್ತೀನಿ."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಾನು "ವಿಷ ಕೊಡಿ" ಎಂದ ಮೇಲೆಯೇ ಬಾಟಲಿ ಕೈಗೆ ಬಂದದ್ದು. ಜೀಪಿನಲ್ಲಿ ಬರುವ ದೊಡ್ಡ ಎಸ್ಟೇಟಿನವರಿಗೂ ಇದೇ ಪಾಠ. "ಔಷಧಿ ಅಂದ್ರೆ ಜನ ಕೈ ತೊಳ್ಕೊಳಲ್ಲ ಮೇಡಂ" ಎಂದು ಆಮೇಲೆ ಒಂದು ದಿನ ಕಾರಣ ಹೇಳಿದರು.

ಗಿಡ್ಡ ಆಳು, ಮುಂದೆ ಬಂದ ಹೊಟ್ಟೆ, ಸದಾ ಅರ್ಧ ತೋಳಿನ ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ದನಿ ಮಾತ್ರ ಬಹಳ ಮೆದು. ಸಿಟ್ಟು ಬಂದರೆ ಅದು ಇನ್ನೂ ಇಳಿಯುತ್ತಿತ್ತು. ಎದುರಿಗಿದ್ದವರು ಬಗ್ಗಿ ಕಿವಿಗೊಡಬೇಕು, ಅಷ್ಟು.

ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ, ತಾರಸಿಯ ತುಂಬ ಪಾರಿವಾಳದ ಗೂಡುಗಳು. ಸಾಕಿದ್ದು ರೇಸಿನ ಪಾರಿವಾಳಗಳನ್ನು. ಪ್ರತಿಯೊಂದರ ಎಡಗಾಲಿಗೂ ಹಸಿರು ರಿಂಗು. ಮೇಲೆ ಹೋಗುವ ಮುನ್ನ ಅವರು ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಮೂಸಿ ನೋಡಿ, ಅನುಮಾನ ಬಂದರೆ ಮತ್ತೆ ತೊಳೆಯುತ್ತಿದ್ದರು. ಜೋಳದ ಡಬ್ಬ ಅಲ್ಲಾಡಿಸಿದರೆ ಆಕಾಶದಲ್ಲಿ ಸುತ್ತು ಹೊಡೆಯುತ್ತಿದ್ದ ಹಿಂಡು ಹೊದಿಕೆ ಮಡಚಿಟ್ಟಂತೆ ಬಂದು ಇಳಿಯುತ್ತಿತ್ತು. ಬೆತ್ತದ ಬುಟ್ಟಿಯಲ್ಲಿ ಅವನ್ನು ತುಂಬಿಕೊಂಡು ಬಸ್ಸು ಹತ್ತಿ ಸಿದ್ದಾಪುರಕ್ಕೋ ಹಾಸನಕ್ಕೋ ಹೋಗಿ ಹಾರಿಬಿಟ್ಟು ಬರುವುದು ಅವರ ಭಾನುವಾರದ ಕೆಲಸ. ಒಮ್ಮೆ ಸಿದ್ದಾಪುರದ ಬಸ್ಸಿನಲ್ಲಿ ಮಲಯಾಳಿ ಕಂಡಕ್ಟರು "ಕೋಳಿ ಎಲ್ಲಿಗೆ ಚೇಟ್ಟಾ?" ಎಂದು ಕೇಳಿದ್ದಕ್ಕೆ ಅರ್ಧ ದಾರಿಯಲ್ಲೇ ಇಳಿದುಬಿಟ್ಟರಂತೆ. ಅವರ ಹೆಂಡತಿ ಇದನ್ನು ಹೇಳಿ ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. "ನಮ್ಮನೇಲಿ ಮೊಟ್ಟೆ ಕೂಡ ಮುಟ್ಟಲ್ಲ, ಅವನು ಕೋಳಿ ಅಂತಾನೆ!"

ಕಾಲೇಜಿನ ಹೊಸ ಕಟ್ಟಡ ಊರಿನ ನೆತ್ತಿಯ ಮೇಲಿನ ಗುಡ್ಡದಲ್ಲಿದೆ. ಐದು ಮಹಡಿ. ಎದುರಿಗೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ, ಅದರಾಚೆ ಬಂಡೆಗುಡ್ಡ. ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಐದನೇ ಮಹಡಿಯ ಸಜ್ಜೆಯ ಮೂಲೆಯಲ್ಲಿ, ಕಟ್ಟುವಾಗ ಗಾರೆಯವರು ಬಿಟ್ಟುಹೋಗಿದ್ದ ಜಲ್ಲಿಯ ಮೇಲೆ, ಒಂದು ಜೋಡಿ ಶಾಹೀನ್ ಬಂದು ಕೂತವು. ಶಾಹೀನ್ ಎಂದರೆ ಬಂಡೆಯ ಕೊರಕಲಿನಲ್ಲಿ ಮೊಟ್ಟೆಯಿಡುವ ಗಿಡುಗ. ತಲೆಗೆ ಕಪ್ಪು ಟೊಪ್ಪಿಗೆ ಹಾಕಿದಂತೆ, ಹೊಟ್ಟೆ ಇಟ್ಟಿಗೆ ಬಣ್ಣ. ಆಕಾಶದಿಂದ ಕಲ್ಲು ಬಿದ್ದಂತೆ ಎರಗಿ, ಹಾರುವ ಹಕ್ಕಿಯನ್ನು ಹಾರುತ್ತಿರುವಾಗಲೇ ಹಿಡಿಯುತ್ತದೆ. ನಮ್ಮ ಕಟ್ಟಡವನ್ನು ಅವು ಬಂಡೆ ಎಂದುಕೊಂಡಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು ಅನುಮತಿ ತರಿಸಿ, ಸಜ್ಜೆಯ ಮೇಲಿನ ಗೋಡೆಗೆ ಒಂದು ಕ್ಯಾಮೆರಾ ಹಾಕಿಸಿ, ಚಿತ್ರ ಎಲ್ಲರ ಮೊಬೈಲಿಗೂ ನೇರವಾಗಿ ಸಿಗುವಂತೆ ಮಾಡಿದರು. ನೋಡಿಕೊಳ್ಳುವ ಹೊಣೆ ನನ್ನದು. ಸ್ವಲ್ಪ ದಿನಕ್ಕೆ ಚಹದಂಗಡಿ, ಬಸ್ ಸ್ಟ್ಯಾಂಡು, ತೋಟದ ಆಳುಗಳ ಲೈನ್ ಮನೆಗಳು ಎಲ್ಲೆಲ್ಲೂ ಅದೇ. ಹೆಣ್ಣು ಮೊಟ್ಟೆ ತಿರುಗಿಸಿದರೆ ಊರಿಗೆಲ್ಲ ಸುದ್ದಿ.

ಒಂದು ಬೆಳಿಗ್ಗೆ ಪಾಠ ಮಾಡುತ್ತಿದ್ದಾಗ ಫೋನು ಬಂತು.

"ಮೇಡಂ, ನಾನು ಪಾರಿವಾಳದೋನು. ನಿಮ್ಮ ಗಿಡುಗ ಈಗ ತಿಂತಾ ಇರೋದು ನಂದು. ಎಡಗಾಲು ನೋಡಿ."

ಹೊರಗೆ ಬಂದು ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡಿದೆ. ಸಜ್ಜೆಯ ಅಂಚಿನಲ್ಲಿ ಕೆಂಪು ಪುಟ್ಟ ಕಾಲೊಂದು ನೇತಾಡುತ್ತಿತ್ತು. ಹಸಿರು ರಿಂಗು.

"ಶೆಟ್ರೇ, ಬೇಜಾರಾಯ್ತು" ಎಂದೆ.

"ನಿಮಗಾಗಿದ್ದು ಬೇಜಾರು, ನನಗೆ ಹೋಗಿದ್ದು ಪಾರಿವಾಳ" ಎಂದು ಫೋನಿಟ್ಟರು.

ಅಂದಿನಿಂದ ಅವರೂ ನೋಡತೊಡಗಿದರು. ತಕ್ಕಡಿಗೆ ಒರಗಿಸಿಟ್ಟ ಮೊಬೈಲು ಬೆಳಗಿನಿಂದ ಸಂಜೆಯವರೆಗೆ ಸಜ್ಜೆಯನ್ನೇ ತೋರಿಸುತ್ತಿತ್ತು. ಊರವರು ಮರಿಗಾಗಿ ಕಾಯುತ್ತಿದ್ದರೆ ಇವರು ಕಾಲಿನ ರಿಂಗಿಗಾಗಿ ಕಾಯುತ್ತಿದ್ದರು. ಪ್ರತಿ ಸಲವೂ ಫೋನು, ಪ್ರತಿ ಸಲವೂ ದನಿ ಒಂದು ಮೆಟ್ಟಿಲು ಕೆಳಗೆ.

ಒಂದು ದಿನ ಕಾಲೇಜಿಗೇ ಬಂದರು. ಮುಖ್ಯಸ್ಥರು ಒಳ್ಳೆಯವರೇ, ಆದರೆ ಕಾನೂನಿನಿಂದ ಮಾತು ಶುರುಮಾಡುವ ಅಭ್ಯಾಸ. "ಅದು ಸರ್ಕಾರ ರಕ್ಷಿಸಿರೋ ಪಕ್ಷಿ. ಮುಟ್ಟಿದ್ರೆ ಜೈಲು, ಗೊತ್ತಲ್ಲ?" ಎಂದರು.

"ನಾನೆಲ್ಲಿ ಮುಟ್ಟಿದೆ ಸ್ವಾಮಿ? ಅದೇ ಬಂದು ಬಂದು ನಂದನ್ನ ಮುಟ್ತಾ ಐತೆ. ಅದಕ್ಕೆ ಕಾನೂನು ಐತೆ, ನಂದಕ್ಕೆ ಏನೈತೆ?"

"ಮರಿಯಾಗಿ ಹಾರೋವರೆಗೆ ನಿಮ್ಮ ಪಾರಿವಾಳಗಳನ್ನ ಗೂಡಲ್ಲೇ ಇಟ್ಕೊಳ್ಳಿ ಶೆಟ್ರೇ."

"ಗೂಡಲ್ಲೇ ಇಟ್ರೆ ಅದು ಕೋಳಿ" ಎಂದು ಎದ್ದರು. ಬಾಗಿಲ ಬಳಿ ನಿಂತು ನನ್ನ ಕಡೆ ನೋಡಿದರು. ನನ್ನಿಂದ ಏನೋ ಒಂದು ಮಾತು ಬರಬಹುದೆಂದು ಕಾದಂತಿತ್ತು. ನಾನು ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆರೆದೆ.

ಪಾರಿವಾಳ ಸಾಕುವವರು ಕೆಲವೂರುಗಳಲ್ಲಿ ಗಿಡುಗಕ್ಕೆ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಒಂದು ಬಡಪಾಯಿ ಪಾರಿವಾಳದ ಗರಿಗೆ ವಿಷ ಸವರಿ ಹಾರಿಬಿಡುತ್ತಾರೆ. ಉಳಿದದ್ದನ್ನು ಗಿಡುಗದ ಹಸಿವೇ ಮಾಡುತ್ತದೆ. ಶೆಟ್ಟರ ಅಂಗಡಿಯ ಕಪಾಟಿನ ತುಂಬ ಇದ್ದದ್ದು ಅದೇ ವಿಷ. ಮುಖ್ಯಸ್ಥರಿಗೆ ಹೇಳಿದೆ. "ಅನುಮಾನದ ಮೇಲೆ ಯಾರನ್ನ ಏನು ಮಾಡೋಕಾಗುತ್ತಮ್ಮ?" ಎಂದರು. ಅದೂ ಸರಿಯೇ.

ನಡುವೆ ಒಂದು ಮಧ್ಯಾಹ್ನ ಕಾಫಿ ಹೂವಿನ ಮಳೆ ಬಂತು. ಕಾಯುತ್ತಿದ್ದ ಮಳೆಯೇ, ಆದರೆ ಆಲಿಕಲ್ಲಿನ ಜೊತೆ ಬಂತು. ಕ್ಯಾಮೆರಾದಲ್ಲಿ ಹೆಣ್ಣು ಗಿಡುಗ ರೆಕ್ಕೆ ಹರಡಿ, ತಲೆ ತಗ್ಗಿಸಿ, ಮೊಟ್ಟೆಗಳ ಮೇಲೆ ಕೂತಿತ್ತು. ಬೆನ್ನಿನ ಮೇಲೆ ಆಲಿಕಲ್ಲು ಪಟಪಟ ಬೀಳುತ್ತಿದ್ದರೂ ಅಲ್ಲಾಡಲಿಲ್ಲ. ಮಳೆ ನಿಂತ ಕೂಡಲೇ ಶೆಟ್ಟರ ಫೋನು.

"ನೋಡಿದ್ರಾ ಮೇಡಂ? ಏಳಲಿಲ್ಲ. ಒಂದು ಸಲಾನೂ ಏಳಲಿಲ್ಲ ಮಾರಾಯ್ರೆ!"

ಆ ದಿನ ಅವರ ದನಿ ಮೇಲೇರಿತ್ತು. ಆ ಹೆಣ್ಣು ಗಿಡುಗಕ್ಕೆ ಮನಸೋತುಬಿಟ್ಟರು ಎಂದುಕೊಂಡೆ.

ಮೂರು ಮರಿಗಳಾದವು. ಹತ್ತಿಯ ಉಂಡೆಗಳಂತಿದ್ದವು, ಬಾಯಿ ಮಾತ್ರ ದೊಡ್ಡದು. ಗಂಡಿಗೆ ಬೇಟೆಯ ಕೆಲಸ ಹೆಚ್ಚಿತು. ಶೆಟ್ಟರ ಹಿಂಡಿನಲ್ಲಿ ಒಂದು ಮುದಿ ಹೆಣ್ಣಿತ್ತು, ಬೂದು ಬಣ್ಣದ್ದು. ಹಿಂದೊಮ್ಮೆ ಹಾಸನದಿಂದ ಬಿಟ್ಟಾಗ ದಾರಿ ತಪ್ಪಿ, ಮಳೆಗಾಲವೆಲ್ಲ ಕಾಣದೆ, ಸತ್ತೇಹೋಯಿತು ಎಂದು ಕೈಬಿಟ್ಟ ಮೇಲೆ ಹರಿದ ರೆಕ್ಕೆಯಲ್ಲಿ ಮನೆ ಮುಟ್ಟಿದ ಹಕ್ಕಿ ಅದು. ಆಮೇಲೆ ಅದನ್ನು ಅವರು ಎಲ್ಲಿಗೂ ಒಯ್ಯಲಿಲ್ಲ. ತಾರಸಿಯ ಸುತ್ತ ಹಾರಿದರೆ ಸಾಕು ಎಂದು ಬಿಟ್ಟಿದ್ದರು. ಒಂದು ಬೆಳಿಗ್ಗೆ ಕ್ಯಾಮೆರಾದಲ್ಲಿ ಆ ಸೊಟ್ಟ ರೆಕ್ಕೆ ಕಂಡಿತು. ಹೆಣ್ಣು ಗಿಡುಗ ಅದರ ಎದೆಯಿಂದ ಚೂರು ಚೂರು ಕಿತ್ತು ಒಂದೊಂದೇ ಮರಿಯ ಬಾಯಿಗೆ ಇಡುತ್ತಿತ್ತು.

ಫೋನಿಗಾಗಿ ಕಾದೆ. ಬರಲಿಲ್ಲ. ಸಂಜೆಯಾದರೂ ಬರಲಿಲ್ಲ. ಮರುದಿನ ತಡೆಯದೆ ಅಂಗಡಿಗೆ ಹೋದೆ. ತಕ್ಕಡಿಯ ಪಕ್ಕ ಮೊಬೈಲಿರಲಿಲ್ಲ. ಅವರು ಯಾರಿಗೋ ಹಗ್ಗ ಅಳೆಯುತ್ತಿದ್ದರು.

"ಶೆಟ್ರೇ, ನಿನ್ನೆ..."

"ನಾನು ನೋಡ್ಲಿಲ್ಲ ಮೇಡಂ." ಎಷ್ಟು ಮೆಲ್ಲಗೆಂದರೆ ತುಟಿ ನೋಡಿ ತಿಳಿಯಬೇಕಾಯಿತು. ಮತ್ತೆ ಹಗ್ಗಕ್ಕೆ ಬಗ್ಗಿದರು.

ನಾನು ಮೆಟ್ಟಿಲಿಳಿಯುವಾಗ ಅವರ ಹೆಂಡತಿ ಪಕ್ಕದ ಬಾಗಿಲಿಂದ ಕೈಸನ್ನೆ ಮಾಡಿ ಕರೆದರು. "ನಿನ್ನೆಯಿಂದ ಕೈ ತೊಳೀದೆ ತಾರಸಿಗೆ ಹೋಗ್ತಾ ಅವ್ರೆ ಕಣಮ್ಮ. ಇಷ್ಟು ವರ್ಷಕ್ಕೆ ಹಂಗೆ ಹೋಗಿದ್ದು ನಾ ಕಂಡಿಲ್ಲ. ನಿಮ್ಮ ಹಕ್ಕೀನ ನೀವು ನೋಡ್ಕೊಳ್ಳಿ."

ನೋಡಿಕೊಳ್ಳುವುದೆಂದರೆ ಹೇಗೆ? ಆಕಾಶಕ್ಕೆ ಕಾವಲು ಹಾಕಲಾಗುತ್ತದೆಯೇ? ಮತ್ತೊಮ್ಮೆ ಮುಖ್ಯಸ್ಥರಿಗೆ ಹೇಳಿದೆ. ಈ ಸಲ ಅವರೂ ಗಂಭೀರವಾಗಿ ಅರಣ್ಯ ಕಚೇರಿಗೆ ಫೋನು ಮಾಡಿದರು. ಸೋಮವಾರ ಬಂದು ಶೆಟ್ಟರ ಜೊತೆ ಮಾತಾಡುತ್ತೇವೆ ಎಂದರು ಅಲ್ಲಿಯವರು. ನಡುವೆ ಒಂದು ಭಾನುವಾರವಿತ್ತು.

ಭಾನುವಾರ ಬೆಳಿಗ್ಗೆ ಕಾಲೇಜಿನ ಕ್ವಾರ್ಟರ್ಸಿನಲ್ಲಿ ದೋಸೆ ಹುಯ್ಯುತ್ತಿದ್ದೆ. ಫೋನು ಬಂತು. ಮೊದಲು ಬರೀ ಏದುಸಿರು. ಹಿಂದೆ ಸ್ಕೂಟರಿನ ಸದ್ದು.

"ಮೇಡಂ, ಬಿಳೀದು ಒಂದು ಬರುತ್ತೆ. ಮರೀಗೆ ತಿನ್ನೋಕೆ ಬಿಡಬೇಡಿ. ಓಡಿ!"

"ಏನು ಹಚ್ಚಿದ್ರಿ?"

"ವಿಷ. ಕುತ್ತಿಗೆಗೆ. ಬಿಟ್ಟೆ ಮೇಡಂ, ಬಿಟ್ಟ ಮೇಲೆ ತಡಕೊಳೋಕೆ ಆಗ್ಲಿಲ್ಲ. ಡಬ್ಬ ಅಲ್ಲಾಡಿಸ್ದೆ. ಅದು ತಿರುಕ್ಕೊಂಡು ಬರ್ತಾ ಇತ್ತು, ನನ್ನ ಕಡೇಗೇ ಬರ್ತಾ ಇತ್ತು... ಅಷ್ಟರೊಳಗೆ ಮೇಲಿಂದ ಹೊಡೀತು."

ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಹೊರಗೋಡಿ ಕತ್ತೆತ್ತಿದರೆ ಗಂಡು ಗಿಡುಗ ನೀರಿನ ಟ್ಯಾಂಕಿನ ಅಂಚಿನಲ್ಲಿ ಕೂತಿದೆ, ಕಾಲಡಿಯಲ್ಲಿ ಬಿಳಿ. ಅದು ಬೇಟೆಯನ್ನು ಗೂಡಿಗೆ ಒಯ್ಯುವ ಮುನ್ನ ಅಲ್ಲಿ ಕೂತು ಪುಕ್ಕ ಕೀಳುವುದು ವಾಡಿಕೆ. ಬಿಳಿ ಗರಿಗಳು ಗಾಳಿಗೆ ಒಂದೊಂದಾಗಿ ತೇಲಿ ಇಳಿಯುತ್ತಿದ್ದವು. ಎಂದರೆ ಅದರ ಬಾಯಿಗೆ ಆಗಲೇ ವಿಷ ತಾಗಿರಬೇಕು. ಕೂಗಿದೆ, ಕಲ್ಲು ಎಸೆದೆ. ಕಲ್ಲು ಮೂರನೇ ಮಹಡಿಗೂ ಹೋಗಲಿಲ್ಲ. ಕಾವಲುಗಾರ ತಾರಸಿಯ ಬೀಗದ ಕೈಗಾಗಿ ಗೊಂಚಲನ್ನೆಲ್ಲ ತಡಕುತ್ತಿದ್ದ. ಅಷ್ಟರಲ್ಲಿ ಶೆಟ್ಟರ ಸ್ಕೂಟರು ಬಂದು ಮೆಟ್ಟಿಲ ಬಳಿ ಬಿತ್ತು. ನಿಲ್ಲಿಸಲಿಲ್ಲ, ಬೀಳಿಸಿದರು. ಆ ಹೊಟ್ಟೆ ಹೊತ್ತುಕೊಂಡು ಐದು ಮಹಡಿಯನ್ನು ಅವರು ನನ್ನ ಹಿಂದೆಯೇ ಹತ್ತಿದರು.

ತಾರಸಿಗೆ ಬಂದಾಗ ಟ್ಯಾಂಕಿನ ಮೇಲೆ ಗಂಡು ಇರಲಿಲ್ಲ. ಮೊಬೈಲು ನೋಡಿದೆ. ಬೇಟೆ ಸಜ್ಜೆಗೆ ಹೋಗಿತ್ತು. ಹೆಣ್ಣು ಅದರ ಮೇಲೆ ಕಾಲೂರಿ ನಿಂತಿದೆ, ಮರಿಗಳು ಬಾಯಿ ತೆರೆದಿವೆ. ನೇರ ಪ್ರಸಾರ ಎನ್ನುತ್ತೇವೆ, ಆದರೆ ಚಿತ್ರ ಸ್ವಲ್ಪ ಹಿಂದುಳಿದೇ ಬರುತ್ತದೆ. ನಾನು ನೋಡುತ್ತಿದ್ದುದು ಆಗಿಹೋದದ್ದು. ಈ ಹೊತ್ತಿನಲ್ಲಿ ಕೆಳಗೆ ಏನಾಗುತ್ತಿದೆ, ಮೊದಲ ತುತ್ತು ಹೋಯಿತೇ, ಯಾರಿಗೆ ಗೊತ್ತು?

ಬಣ್ಣ ಬಳಿಯುವವರಿಗೆಂದು ತಾರಸಿಯಿಂದ ಸಜ್ಜೆಗೆ ಕಬ್ಬಿಣದ ಮೆಟ್ಟಿಲುಗಳನ್ನು ಹುಗಿದಿದ್ದರು. ನಾನು ದುಪಟ್ಟಾ ಸೊಂಟಕ್ಕೆ ಬಿಗಿದೆ.

"ನೀವು ಬೇಡ" ಎಂದರು ಶೆಟ್ಟರು. "ಇದು ನಂದು."

ಚಪ್ಪಲಿ ಬಿಟ್ಟು ಕಟ್ಟೆ ದಾಟಿ ಇಳಿದರು. ಇಳಿಯುವಾಗ ಕಣ್ಣು ಮುಚ್ಚಿದ್ದರು, ಕೆಳಗೆ ನೋಡಿದರೆ ತಲೆ ತಿರುಗುತ್ತದೆಂದಿರಬೇಕು. ಸಜ್ಜೆಗೆ ಕಾಲಿಟ್ಟದ್ದೇ ತಡ, ಹೆಣ್ಣು ಕೆಕ್ ಕೆಕ್ ಎಂದು ಕಿರುಚಿ ಗಾಳಿಗೆ ಹಾರಿತು. ಒಂದು ಸುತ್ತು ಹೋಗಿ ಬಂದು ಎರಗಿತು. ಹೊಡೆತದ ಸದ್ದು ಮೇಲೆ ನನಗೆ ಕೇಳಿಸಿತು. ಅವರ ತಲೆ ಹಿಂದಕ್ಕೆ ಜಗ್ಗಿ, ಒಂದು ಕೈ ಕಂಬಿ ಬಿಟ್ಟಿತು. ನಾನು ಕೂಗಿದೆ. ಅವರು ಬೀಳಲಿಲ್ಲ. ಮೊಣಕಾಲೂರಿ, ಹೆಗಲ ಟವೆಲಿನಲ್ಲಿ ಬಿಳಿ ಪಾರಿವಾಳವನ್ನು ಸುತ್ತಿ ಎದೆಗೆ ಒತ್ತಿಕೊಂಡರು. ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ ಆಗಷ್ಟೇ ಅದೇ ಹೊಡೆತ ಇನ್ನೊಮ್ಮೆ ಬಿತ್ತು. ಅವರ ಮುಖ ಕ್ಯಾಮೆರಾ ಪೂರ್ತಿ ತುಂಬಿತ್ತು, ಹಣೆಯಿಂದ ಕಣ್ಣಿಗೆ ರಕ್ತ.

"ಮೇಡಂ, ಇವು ತಿಂದವಾ?" ಕೆಳಗಿಂದ ಕೂಗಿದರು. "ನೋಡಿ ಹೇಳಿ, ತಿಂದವಾ?"

ಮರಿಗಳು ಅವರಿಗೆ ಹೆದರಿ ಮಲಗಿಕೊಂಡು ಕಾಲೆತ್ತಿ ಉಗುರು ತೋರಿಸುತ್ತಿದ್ದವು. ತಿಂದಿದ್ದವೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಕಣ್ಣಿಗೆ ರಕ್ತ ಇಳಿದು, ಒಂದೇ ಕೈಯಲ್ಲಿ ಕಂಬಿ ತಡಕುತ್ತಾ ಅವರು ಮೇಲೆ ಬರುವ ಹೊತ್ತಿಗೆ ಹಾಸ್ಟೆಲಿನ ಹುಡುಗರು, ಪೇಟೆಯಿಂದ ಬೈಕಿನಲ್ಲಿ ಬಂದವರು ತಾರಸಿ ತುಂಬಿದ್ದರು. ಊರಿಗೆ ಊರೇ ಬೆಳಗಿನ ಚಹದ ಜೊತೆ ಕಂಡದ್ದು ಇಷ್ಟು: ಪಾರಿವಾಳದ ಶೆಟ್ಟರು ರಕ್ತ ಸುರಿಸಿಕೊಂಡು ಗಿಡುಗದ ಗೂಡಿಗೆ ಕೈ ಹಾಕಿದ್ದಾರೆ. ಯಾರೋ ಅವರ ಕಾಲರು ಹಿಡಿದರು. "ಮರಿ ಕೊಲ್ಲೋಕೆ ಬಂದ್ಯಾ?" ಎಂದು ಇನ್ಯಾರೋ ಕೈಯೆತ್ತಿದರು. ನಾನು ನಡುವೆ ನುಗ್ಗಿ, "ಬಿಡಿ, ಅವರು ಮರಿ ಉಳಿಸೋಕೆ ಬಂದದ್ದು" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅಂದು ಊರು ಅವರನ್ನು ಹೊತ್ತು ಮೆರೆಸುತ್ತಿತ್ತು.

"ಮೇಡಂ ಅರ್ಧ ಹೇಳಿದ್ರು" ಎಂದರು ಶೆಟ್ಟರು, ಬಹಳ ಮೆಲ್ಲಗೆ. "ಈ ಪಾರಿವಾಳಕ್ಕೆ ವಿಷ ಹಚ್ಚಿ ಬಿಟ್ಟೋನು ನಾನೇ. ಇದನ್ನ ಯಾರೂ ಮುಟ್ಟಬೇಡಿ, ಕೈಗೆ ಹತ್ತುತ್ತೆ."

ಕಾಲರು ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು.

ಆಸ್ಪತ್ರೆಗೆ ಬರಲು ಶೆಟ್ಟರು ಒಪ್ಪಲಿಲ್ಲ. ಸೋಪು ಕೇಳಿ, ಕೈ ಮುಖ ತೊಳೆದು, ವಿಭಾಗದ ಕೋಣೆಯಲ್ಲಿ ಹಣೆಗೆ ಬಟ್ಟೆ ಒತ್ತಿಕೊಂಡು ದೊಡ್ಡ ಪರದೆಯ ಮುಂದೆ ಕೂತರು. ಮುಖ್ಯಸ್ಥರು ಬಂದರು, ಬೈಯಬೇಕೆಂದು ಬಂದವರು ಬೈಯಲಾಗದೆ ಪಕ್ಕದಲ್ಲಿ ಕೂತರು. ಪಶುವೈದ್ಯರೂ ಬಂದರು. ಯಾರಿಗೂ ಮಾಡುವ ಕೆಲಸವಿರಲಿಲ್ಲ. ಒಂದು ಮರಿ ನಿದ್ದೆಗೆ ತಲೆ ಬಾಗಿಸಿದರೆ ಶೆಟ್ಟರು ಎದ್ದು ನಿಲ್ಲುತ್ತಿದ್ದರು, ಅದು ತಲೆಯೆತ್ತಿದರೆ ಕೂರುತ್ತಿದ್ದರು. ಹೀಗೇ ಸಂಜೆಯಾಯಿತು. ಮರಿಗಳಿಗೆ ಏನೂ ಆಗಲಿಲ್ಲ. ಹೆಣ್ಣಿಗೂ ಏನೂ ಆಗಲಿಲ್ಲ.

ಗಂಡು ಬರಲಿಲ್ಲ.

ಮರುದಿನವೂ ಬರಲಿಲ್ಲ. ಶೆಟ್ಟರು ಹಣೆಗೆ ಹೊಲಿಗೆ ಹಾಕಿಸಿಕೊಂಡು, ತಾವೇ ಅರಣ್ಯ ಕಚೇರಿಗೆ ಹೋಗಿ ನಡೆದದ್ದನ್ನು ಹೇಳಿ ಸಹಿ ಹಾಕಿ ಬಂದರು. ಆಮೇಲೆ ಎದುರಿನ ತೋಟದೊಳಗೆ ಹುಡುಕಲು ಇಳಿದರು. ಸಿಲ್ವರ್ ಓಕ್ ಮರಗಳ ಬುಡ, ಕಾಫಿ ಗಿಡದ ಸಂದಿ, ಬಂಡೆಯ ಕೊರಕಲು. ಮೆಣಸು ಕೊಯ್ಯುತ್ತಿದ್ದ ಹೆಂಗಸರನ್ನೆಲ್ಲ "ಇಟ್ಟಿಗೆ ಬಣ್ಣದ ಹಕ್ಕಿ ಬಿದ್ದಿದ್ದು ಕಂಡ್ರಾ?" ಎಂದು ಕೇಳಿದರು. ಯಾರೂ ಕಂಡಿರಲಿಲ್ಲ. ಕೊನೆಗೂ ಸಿಗಲಿಲ್ಲ.

ಈಗ ಹೆಣ್ಣೊಂದೇ ಬೇಟೆಯಾಡಬೇಕು, ಮರಿಯನ್ನೂ ಕಾಯಬೇಕು. ಬೇಟೆಗೆ ಹೋದರೆ ಕಾಗೆಗಳು ಸಜ್ಜೆಗೆ ಬರುತ್ತಿದ್ದವು; ಹೋಗದಿದ್ದರೆ ಮರಿಗಳ ಹೊಟ್ಟೆಗೆ ಇಲ್ಲ. ಪೊನ್ನಂಪೇಟೆಯ ಕಡೆಯ ಪಕ್ಷಿ ಬಲ್ಲವರೊಬ್ಬರನ್ನು ಕೇಳಿದರೆ, ಗೂಡಿಗೆ ಮತ್ತೆ ಮನುಷ್ಯರು ಇಳಿದರೆ ತಾಯಿ ಬಿಟ್ಟೇ ಹೋದೀತು, ಕಾದು ನೋಡಿ ಎಂದರು. ಕಾದೆವು. ಎಲ್ಲಕ್ಕಿಂತ ಚಿಕ್ಕ ಮರಿ ಮೊದಲು ಬಾಯಿ ತೆರೆಯುವುದನ್ನು ನಿಲ್ಲಿಸಿತು, ಆಮೇಲೆ ಕತ್ತೆತ್ತುವುದನ್ನು. ಒಂದು ಬೆಳಿಗ್ಗೆ ಊರೆಲ್ಲ ನೋಡುತ್ತಿದ್ದಂತೆ ಅಲ್ಲಾಡುವುದನ್ನೇ ನಿಲ್ಲಿಸಿತು.

ಅದರ ಮರುದಿನ ಶೆಟ್ಟರು ಗೂಡುಗಳ ಬಾಗಿಲು ತೆರೆದರು. ಗಾಯವಾದ ಭಾನುವಾರದಿಂದ ಅವರು ಹಿಂಡನ್ನು ಹೊರಗೆ ಬಿಟ್ಟಿರಲಿಲ್ಲ. ಈಗ ಹಿಂಡು ಮೇಲೆದ್ದು ಗುಡ್ಡದ ಸುತ್ತ, ನಮ್ಮ ಕಟ್ಟಡದ ನೆತ್ತಿಯ ಮೇಲೆ ಸುತ್ತಿತು. ಕೆಳಗೆ ಇಳಿಯುವಾಗ ಒಂದು ಕಡಿಮೆಯಿತ್ತು. ಆ ದಿನ ಹೊಟ್ಟೆತುಂಬ ತಿಂದು ಎರಡು ಮರಿಗಳ ಗಂಟಲೂ ಉಬ್ಬಿದವು. ಮಾರನೆಯ ದಿನವೂ ಬಾಗಿಲು ತೆರೆದರು. ಅದರ ಮಾರನೆಯ ದಿನವೂ.

ನನಗೆ ಅರ್ಥವಾದಾಗ ಓಡಿಹೋದೆ. ತಾರಸಿಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಜಗಳ ಆಗಲೇ ನಡೆದಿತ್ತು.

"ತಪ್ಪು ಮಾಡಿದ್ದು ಇವ್ರು" ಎಂದರು ಹೆಂಡತಿ ನನ್ನ ಕಡೆ ತಿರುಗಿ. "ಅದಕ್ಕೂ ಸಾಯಬೇಕಾದ್ದು ಇವೇನಾ? ಕೇಳಮ್ಮ, ನೀನಾದ್ರೂ ಕೇಳು."

"ಬೇರೆ ದಾರಿ ಇದ್ರೆ ಹೇಳು" ಎಂದರು ಶೆಟ್ಟರು. ಹೆಂಡತಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ. ಮೇಲೆ ಹಿಂಡು ಒಮ್ಮೆಲೇ ಎರಡಾಗಿ ಸೀಳಿತು. ಅವರು ಆ ಕಡೆ ನೋಡಲಿಲ್ಲ, ಕೈಯಲ್ಲಿದ್ದ ಡಬ್ಬವನ್ನೇ ನೋಡುತ್ತಾ ನಿಂತರು. ಅದನ್ನು ಅಲ್ಲಾಡಿಸಿದರೆ ಹಿಂಡು ಕೆಳಗೆ ಬರುತ್ತಿತ್ತು. ಅಲ್ಲಾಡಿಸಲಿಲ್ಲ. ಅದು ಸರಿಯೋ ತಪ್ಪೋ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಕೋರ್ಟಿನ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕೇಸಾಯಿತು. ಹಕ್ಕಿಯ ದೇಹ ಸಿಕ್ಕಿಲ್ಲ, ಪಾರಿವಾಳಕ್ಕೆ ಹೇನಿನ ಔಷಧಿ ಹಚ್ಚಿದ್ದೆ ಅಂದುಬಿಡಿ, ಕೇಸು ನಿಲ್ಲೋದಿಲ್ಲ ಎಂದು ವಕೀಲರು ಹೇಳಿಕೊಟ್ಟರಂತೆ. ಸಾಕ್ಷಿ ಹೇಳಲು ಹೋಗಿದ್ದ ನಾನೂ ಅಲ್ಲಿದ್ದೆ. ಶೆಟ್ಟರು ಕಟಕಟೆಯಲ್ಲಿ ನಿಂತು, "ಔಷಧಿ ಅಲ್ಲ ಸ್ವಾಮಿ, ವಿಷ" ಎಂದರು. ವಕೀಲರು ಕಾಗದ ಮಡಚಿಟ್ಟರು. ಕೇಸು ಮುಂದಕ್ಕೆ ಮುಂದಕ್ಕೆ ಹೋಗಿ, ತೀರ್ಪು ಬರುವ ಮೊದಲೇ ಅವರು ಮಲಗಿದಲ್ಲೇ ಹೋದರು. ಊರಿನಲ್ಲಿ ಅರ್ಧ ಜನ ಅವರ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದರು. ನಾನು ಬಿಡಲಿಲ್ಲ. ಆದರೆ ಕ್ಷಮಿಸಿದ್ದೇನೆ ಎಂದೂ ಅವರಿಗೆ ಯಾವತ್ತೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕ್ಷಮಿಸಬೇಕಾದ್ದು ನಾನಾಗಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನನ್ನ ಮನಸ್ಸಿನಲ್ಲಿ ಅವರು ಕಟಕಟೆಯಲ್ಲಿ ನಿಂತಿಲ್ಲ. ಬೇರೆ ಒಂದು ಮಧ್ಯಾಹ್ನದಲ್ಲಿ ಕೂತಿದ್ದಾರೆ.

ಎರಡು ಮರಿಗಳಲ್ಲಿ ದೊಡ್ಡದು ಮೊದಲೇ ಹಾರಿಹೋಗಿತ್ತು. ಚಿಕ್ಕದು ಸಜ್ಜೆಯ ಅಂಚಿನಲ್ಲಿ ರೆಕ್ಕೆ ಬಡಿಯುತ್ತಾ ಬಡಿಯುತ್ತಾ ಇದ್ದದ್ದು, ಗಾಳಿ ಬೀಸಿದ ಒಂದು ಕ್ಷಣದಲ್ಲಿ ಕ್ಯಾಮೆರಾದಿಂದ ಮಾಯವಾಯಿತು. ಹಾರಿತೋ ಬಿತ್ತೋ ತಿಳಿಯದೆ ನಾವೆಲ್ಲ ಕಟ್ಟಡದ ಸುತ್ತ ಹುಡುಕುತ್ತಿದ್ದೆವು. ಫೋನು ಬಂತು.

"ಮೇಡಂ, ಬೇಗ ಬನ್ನಿ. ನಿಮ್ಮದು ನನ್ನ ಗೂಡಿನ ಮೇಲೆ ಕೂತೈತೆ."

ಹೋದೆ. ಪಾರಿವಾಳದ ಗೂಡಿನ ತಗಡಿನ ಮೇಲೆ ಅದು ಬಾಯಿ ತೆರೆದು ಏದುಸಿರು ಬಿಡುತ್ತಾ ಕೂತಿತ್ತು. ಕೊಕ್ಕಿನ ಪಕ್ಕ ಇನ್ನೂ ಮರಿಗೂದಲು. ಅದರ ಕಾಲಡಿಯ ತಗಡಿನ ಕೆಳಗೆ ಉಳಿದಿದ್ದ ಅಷ್ಟೂ ಪಾರಿವಾಳಗಳು ಬಲೆಗೆ ಬಡಿದುಕೊಂಡು ಬಡಿದುಕೊಂಡು ಸುಸ್ತಾಗಿ, ಒಂದೇ ಮೂಲೆಗೆ ಒತ್ತಿ ನಿಂತಿದ್ದವು. ಸುತ್ತ ಕಾಗೆಗಳು. ಶೆಟ್ಟರು ಗೂಡಿನ ಎದುರು ನೆಲದ ಮೇಲೆ ಕೂತು, ಕೈಯಲ್ಲಿ ಟವೆಲು ಹಿಡಿದು ಬೀಸಿ ಬೀಸಿ ಕಾಗೆ ಓಡಿಸುತ್ತಿದ್ದರು. ಮೇಲಿನದಕ್ಕೂ ಒಳಗಿನವಕ್ಕೂ ಒಂದೇ ದನಿಯಲ್ಲಿ ಏನೋ ಹೇಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರ ಹೆಂಡತಿ ಒಂದು ಕೊಡೆ ತಂದು ಗಂಡನ ತಲೆಯ ಮೇಲೆ ಹಿಡಿದು ನಿಂತರು. ಬಿಸಿಲು ಹಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಬಂತು. ಮೇಲೆ ಸುತ್ತು ಹಾಕಿ ಕರೆಯಿತು. ಮರಿ ಕತ್ತು ಓರೆ ಮಾಡಿ ಕೇಳಿತು, ಬಗ್ಗಿತು, ತಡೆಯಿತು. ಆಮೇಲೆ ಅದು ತಗಡು ಬಿಟ್ಟು ಬೀದಿಯ ಕಡೆ ಕುಸಿದು, ಕರೆಂಟಿನ ತಂತಿಯ ಕೆಳಗೆ ಹಾದು, ಎದ್ದು, ಗುಡ್ಡದ ಕಡೆ ಹೋಯಿತು.

"ಮತ್ತೆ ಬರುತ್ತಾ?" ಎಂದು ಶೆಟ್ಟರು ಕೇಳಿದರು.

"ಇಲ್ಲ ಶೆಟ್ರೇ. ಬೇಟೆ ಕಲಿತ ಮೇಲೆ ಮರಿಗಳು ದೂರ ಹೋಗ್ತಾವೆ. ಬೇರೆ ಬಂಡೆ ಹುಡುಕ್ಕೋತಾವೆ."

"ಹಂಗಾದ್ರೆ ಒಳ್ಳೇದು" ಎಂದರು. ಟವೆಲು ಹೆಗಲಿಗೆ ಹಾಕಿಕೊಂಡು, "ಒಳ್ಳೇದಾಯ್ತು" ಎಂದರು.

ಎದ್ದು, ಸೊಂಟ ನೇರ ಮಾಡಿಕೊಂಡು, ಹೋಗಿ ಪಾರಿವಾಳದ ಗೂಡಿನ ಬಾಗಿಲು ತೆರೆದರು. ಆಕಾಶ ಖಾಲಿಯಾಗಿತ್ತು. ಡಬ್ಬ ಅಲ್ಲಾಡಿಸಿದರು. ಒಂದೂ ಹೊರಗೆ ಬರಲಿಲ್ಲ. ಬಾಗಿಲ ಪಕ್ಕಕ್ಕೆ ಸರಿದು, ಅವಕ್ಕೆ ತಾವು ಕಾಣದಂತೆ ಗೋಡೆಗೆ ಒರಗಿ ಕೂತು, ಕತ್ತಲಾಗುವವರೆಗೆ ಕಾದರು.